ಹದಿನೈದು ಸೆಕೆಂಡಿನ ರೀಲ್, ಹನ್ನೆರಡು ವರ್ಷದ ಜವಾಬ್ದಾರಿ

“ಅಕ್ಕ, ಎರಡೇ ವಾರ ಇಟ್ಕೊ. ಹೆಂಗಿದ್ರೂ ನೀನು ರಾತ್ರಿಯೆಲ್ಲ ಎದ್ದು ಓದ್ತೀಯ. ಇದೂ ರಾತ್ರಿಯೆಲ್ಲ ಎದ್ದಿರುತ್ತೆ. ಇಬ್ಬರಿಗೂ ಜೊತೆಯಾಗುತ್ತೆ.”

ತಿ. ನರಸೀಪುರದ ನನ್ನ ಚಿಕ್ಕವ್ವನ ಮಗ ಇಷ್ಟು ಹೇಳಿ, ಬಟ್ಟೆ ಮುಚ್ಚಿದ ಪಂಜರವೊಂದನ್ನು ನಂಜನಗೂಡಿನ ನಮ್ಮ ಮನೆಯ ನಡುಮನೆಯಲ್ಲಿಟ್ಟು ಬೆಂಗಳೂರಿನ ಬಸ್ಸು ಹತ್ತಿದ. ಅವನಿಗೆ ಕೆಲಸ ಸಿಕ್ಕಿತ್ತು. ಪಿ.ಜಿ.ಗೆ ಪ್ರಾಣಿ ತರುವಂತಿಲ್ಲ ಎಂದು ಮಾಲೀಕರು ಮೊದಲೇ ಹೇಳಿದ್ದರು. ಚಿಕ್ಕವ್ವ ಅಂಗನವಾಡಿ ಕೆಲಸಕ್ಕೆ ಹೋಗುವವರು. “ನೀನು ತಂದದ್ದು, ನೀನೇ ನೋಡ್ಕೊ” ಎಂದು ಕೈ ತೊಳೆದುಕೊಂಡಿದ್ದರು. ಉಳಿದವಳು ನಾನು. ಬಿ.ಎಸ್ಸಿ. ಮುಗಿಸಿ, ಮನೆಯಲ್ಲೇ ಕುಳಿತು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವವಳು. ಇಂಥವರಿಗೆ ಬೇಕಾದಷ್ಟು ಬಿಡುವಿದೆ ಎಂದು ಬಂಧುಬಳಗವೆಲ್ಲ ನಂಬಿರುತ್ತದೆ.

ಬಟ್ಟೆ ಸರಿಸಿ ನೋಡಿದೆ. ಅಂಗೈಯಲ್ಲಿ ಕೂರುವಷ್ಟು ಪುಟ್ಟ ಪ್ರಾಣಿ. ಬೂದು ಮೈ, ಹಣೆಯಿಂದ ಬೆನ್ನಿನುದ್ದಕ್ಕೂ ಒಂದು ಕಪ್ಪು ಗೆರೆ, ಮುಖಕ್ಕಿಂತ ದೊಡ್ಡದೇನೋ ಎನಿಸುವ ಕಣ್ಣು. ಅವ್ವ ಇಣುಕಿ ನೋಡಿ, “ಇದೇನವ್ವ, ಇಲಿ ಹಿಡ್ದು ಬೋನ್ ಸಮೇತ ತಂದಿಟ್ಟು ಹೋಗವ್ನೆ?” ಅಂದರು. ಅದು ಇಲಿಯಲ್ಲ, ಶುಗರ್ ಗ್ಲೈಡರ್. ಹೆಸರು ಸಕ್ಕರೆ. ಜೊತೆಗಿದ್ದ ಗಂಡು ಬೆಲ್ಲ ನಾಲ್ಕು ತಿಂಗಳ ಹಿಂದೆಯೇ ಸತ್ತಿತ್ತು.

ಎರಡು ವಾರ ಎಂದದ್ದು ಮೂರು ತಿಂಗಳಾಯಿತು. ಈ ಮೂರು ತಿಂಗಳಲ್ಲಿ ಗ್ರಂಥಾಲಯದಲ್ಲಿ, ಬಸ್ಸಿನಲ್ಲಿ, ಕೋಚಿಂಗ್ ಕ್ಲಾಸಿನಲ್ಲಿ ವಿಷಯ ಗೊತ್ತಾದವರೆಲ್ಲ ನನ್ನನ್ನು ಕೇಳಿದ್ದು ಎರಡೇ ಪ್ರಶ್ನೆ: “ಎಲ್ಲಿ ಸಿಗುತ್ತೆ?”, “ಎಷ್ಟು?” ಮೂರನೆಯ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ಅದಕ್ಕಾಗಿ ಈ ಬರಹ.

ಅಳಿಲಲ್ಲ, ಕಾಂಗರೂ ಬಂಧು

ದ್ವಿತೀಯ ಪಿಯುಸಿಯಲ್ಲಿ ವಿಜ್ಞಾನ ಓದಿದವರು ಜೀವಶಾಸ್ತ್ರ ಪುಸ್ತಕದ ವಿಕಾಸದ ಪಾಠವನ್ನು ನೆನಪಿಸಿಕೊಳ್ಳಿ. ಆಸ್ಟ್ರೇಲಿಯಾದ ಹೊಟ್ಟೆಚೀಲದ ಪ್ರಾಣಿಗಳ ಚಿತ್ರವೊಂದು ಅಲ್ಲಿದೆ. ಕಾಂಗರೂ, ಕೋಲಾಗಳ ನಡುವೆ ಶುಗರ್ ಗ್ಲೈಡರ್ ಕೂಡ ಇದೆ. ನಾವು ಅದನ್ನು ಎರಡು ಅಂಕದ ಪ್ರಶ್ನೆಗಾಗಿ ಓದಿ ಮರೆತವರು.

ಇದರ ತವರು ಆಸ್ಟ್ರೇಲಿಯಾ ಮತ್ತು ನ್ಯೂಗಿನಿ. ಮುಂಗಾಲಿನಿಂದ ಹಿಂಗಾಲಿನವರೆಗೆ ಚಾಚಿಕೊಂಡ ತೆಳು ಚರ್ಮವನ್ನು ಛತ್ರಿಯಂತೆ ಬಿಚ್ಚಿ, ಮರದಿಂದ ಮರಕ್ಕೆ ಸುಮಾರು 50 ಮೀಟರ್ ದೂರದವರೆಗೆ ತೇಲಿ ಹೋಗಬಲ್ಲದು. ಬಂಡೀಪುರ, ನಾಗರಹೊಳೆಯ ಕಾಡಿನಲ್ಲಿರುವ ನಮ್ಮ ಹಾರುಬೆಕ್ಕು ಕೂಡ ಹೀಗೇ ತೇಲುತ್ತದೆ. ಆದರೆ ಇವೆರಡಕ್ಕೂ ಹತ್ತಿರದ ನಂಟಿಲ್ಲ. ಹಾರುಬೆಕ್ಕು ಅಳಿಲಿನ ಜಾತಿಯದು. ಶುಗರ್ ಗ್ಲೈಡರ್ ಕಾಂಗರೂವಿನಂತೆ ಮರಿಯನ್ನು ಹೊಟ್ಟೆಯ ಚೀಲದಲ್ಲಿ ಬೆಳೆಸುವಂಥದ್ದು. ಗರ್ಭದಲ್ಲಿ ಮರಿ ಇರುವುದು ಸುಮಾರು 16 ದಿನ ಮಾತ್ರ. ನಂತರ ಎರಡು ತಿಂಗಳಿಗೂ ಹೆಚ್ಚು ಕಾಲ ತಾಯಿಯ ಚೀಲದಲ್ಲೇ ಮೊಲೆ ಕಚ್ಚಿಕೊಂಡು ಬೆಳೆಯುತ್ತದೆ.

ಈ ಪಾಠವನ್ನೆಲ್ಲ ಹೇಳಲು ಕಾರಣವಿದೆ. ಅಂಗಡಿಯವರು ಇದನ್ನು “ಅಳಿಲಿನ ಥರ”, “ಹ್ಯಾಮ್‌ಸ್ಟರ್ ಥರ” ಎಂದು ಹೇಳಿ ಮಾರುತ್ತಾರೆ. ತಂದವರೂ ಹಾಗೆಯೇ ಸಾಕುತ್ತಾರೆ. ತಪ್ಪು ಶುರುವಾಗುವುದೇ ಅಲ್ಲಿ. ಕಾಡಿನಲ್ಲಿ ಇದು ಒಂಟಿಯಾಗಿರುವುದಿಲ್ಲ. ಒಂದೇ ಪೊಟರೆಯಲ್ಲಿ ಐದಾರು, ಏಳೆಂಟು ಒಟ್ಟಿಗೆ ಒಂದರ ಮೇಲೊಂದು ಬಿದ್ದುಕೊಂಡು ಮಲಗುತ್ತವೆ. ಹಗಲು ನಿದ್ದೆ, ರಾತ್ರಿ ಓಡಾಟ. ಚೆನ್ನಾಗಿ ಸಾಕಿದರೆ 10ರಿಂದ 12 ವರ್ಷ ಬದುಕುತ್ತದೆ.

ಈ ಕೊನೆಯ ಸಂಖ್ಯೆಯನ್ನು ಸ್ವಲ್ಪ ನಿಂತು ನೋಡಿ. ಎರಡನೇ ವರ್ಷದ ಡಿಗ್ರಿಯಲ್ಲಿ ತಂದ ಮರಿ, ನಿಮ್ಮ ಓದು ಮುಗಿದು, ಕೆಲಸ ಸಿಕ್ಕಿ, ಊರು ಬದಲಾಗಿ, ಮದುವೆಯಾಗಿ, ನಿಮ್ಮ ಮಗು ಶಾಲೆಗೆ ಹೊರಡುವ ಹೊತ್ತಿಗೂ ಇರುತ್ತದೆ. ನನ್ನ ತಮ್ಮ ತಂದದ್ದು ಎರಡನೇ ವರ್ಷದಲ್ಲೇ. ಅವನು ನೋಡಿದ್ದ ರೀಲ್‌ನ ಉದ್ದ ಹದಿನೈದು ಸೆಕೆಂಡು.

ರಸಬಾಳೆ ತಿಂದು ಸೋತ ಕಾಲು

ಮೊದಲ ರಾತ್ರಿಯೇ ಎರಡು ಗಂಟೆಗೆ ನಾಯಿಮರಿ ಬೊಗಳಿದಂತೆ ಸದ್ದು. ಹಿತ್ತಲಿನ ಕಡೆ ಹೋಗಿ ನೋಡಿ ಬಂದೆ. ಬೊಗಳುತ್ತಿದ್ದದ್ದು ಸಕ್ಕರೆ. ಒಂಟಿಯಾದ ಶುಗರ್ ಗ್ಲೈಡರ್ ತನ್ನ ಗುಂಪನ್ನು ಹೀಗೆ ಕರೆಯುತ್ತದೆಯಂತೆ. ಅದು ಅರ್ಧ ಗಂಟೆ ಕರೆಯಿತು. ಉತ್ತರ ಕೊಡುವವರು ಯಾರೂ ಇರಲಿಲ್ಲ. ಬೆಳಗ್ಗೆ ಪಕ್ಕದ ಮನೆಯ ಅತ್ತೆ, “ನಾಯಿ ತಂದ್ರೇನವ್ವ?” ಎಂದು ಕೇಳಿದರು. “ನಾಯಿಯಂತೆ ಗಲಾಟೆ ಇಲ್ಲ, ಹೊರಗೆ ಕರ್ಕೊಂಡು ಹೋಗೋದು ಬೇಡ, ಹಾಸ್ಟೆಲ್ ರೂಮಿನಲ್ಲೂ ಸಾಕಬಹುದು” ಎಂದು ಮಾರಿದವನು ನನ್ನ ತಮ್ಮನಿಗೆ ಹೇಳಿದ್ದನಂತೆ.

ಎರಡನೇ ವಾರ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಸಕ್ಕರೆ ಹತ್ತುವಾಗ ಹಿಂಗಾಲು ಎಳೆಯುತ್ತಿತ್ತು. ಬಾಲದ ತುದಿಯ ಕೂದಲನ್ನು ತಾನೇ ಕಿತ್ತುಕೊಂಡು ಬೋಳು ಮಾಡಿಕೊಂಡಿತ್ತು. ತಮ್ಮನಿಗೆ ಫೋನ್ ಮಾಡಿ, “ಇದಕ್ಕೆ ತಿನ್ನೋಕೆ ಏನೇನು ಕೊಡ್ತಿದ್ದೆ?” ಅಂದೆ. “ಬಾಳೆಹಣ್ಣು, ಸೇಬು, ಹಾಲಲ್ಲಿ ನೆನೆಸಿದ ಬ್ರೆಡ್ಡು. ನಿಮ್ಮೂರ ರಸಬಾಳೆ ಸಿಕ್ಕಿದ್ರೆ ಅದಕ್ಕೆ ಹಬ್ಬ ಕಣಕ್ಕ” ಅಂದ. ಅವನ ದನಿಯಲ್ಲಿ ಪ್ರೀತಿ ಇತ್ತು. ಅದನ್ನು ನಾನು ಅನುಮಾನಿಸುವುದಿಲ್ಲ. ಭೌಗೋಳಿಕ ಮಾನ್ಯತೆ ಪಡೆದ ನಂಜನಗೂಡಿನ ರಸಬಾಳೆಯನ್ನು ಕೊಡುವುದಕ್ಕಿಂತ ದೊಡ್ಡ ಉಪಚಾರ ನಮ್ಮ ಕಡೆ ಏನಿದೆ?

ಹತ್ತಿರದ ಪಶು ಆಸ್ಪತ್ರೆಗೆ ಡಬ್ಬಿಯಲ್ಲಿ ಇಟ್ಟುಕೊಂಡು ಹೋದೆ. ವೈದ್ಯರು ಹಿರಿಯರು. ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು. “ನೋಡಮ್ಮ, ಹಸು ಕರು ಹಾಕೋಕೆ ಕಷ್ಟಪಡ್ತಿದ್ಯಾ, ಕುರಿಗೆ ಲಸಿಕೆ ಹಾಕಬೇಕಾ, ನಡುರಾತ್ರೀಲಿ ಕರೆದ್ರೂ ಬರ್ತೀನಿ. ಇದನ್ನ ನಾನು ಇವತ್ತೇ ನೋಡ್ತಿರೋದು” ಎಂದು ನೇರವಾಗಿ ಹೇಳಿದರು. ಆದರೆ ಅಲ್ಲಿಗೆ ಬಿಡಲಿಲ್ಲ. ಬೆಂಗಳೂರಿನಲ್ಲಿ ಇಂಥ ಪ್ರಾಣಿಗಳನ್ನೇ ನೋಡುವ ತಮ್ಮ ಸಹಪಾಠಿಗೆ ಫೋನ್ ಮಾಡಿದರು. ಹತ್ತು ನಿಮಿಷ ಮಾತಾಡಿ, ನನಗೆ ಅರ್ಥವಾಗುವ ಹಾಗೆ ಹೇಳಿದರು: “ಕರು ಹಾಕಿದ ಹಸು ಸುಣ್ಣದಂಶ ಕಮ್ಮಿಯಾಗಿ ಏಳೋಕಾಗದೆ ಮಲಗಿಬಿಡುತ್ತಲ್ಲ, ಇದಕ್ಕೂ ಸುಣ್ಣದ್ದೇ ತೊಂದರೆ. ಆದ್ರೆ ಹಸುಗೆ ಒಂದು ಬಾಟಲಿ ಹಾಕಿದ್ರೆ ಎದ್ದು ನಿಲ್ಲುತ್ತೆ. ಇದಕ್ಕೆ ವರ್ಷಗಟ್ಟಲೆ ಮೂಳೆಯಿಂದ ಸುಣ್ಣ ಹೋಗಿದೆ.”

ಶುಗರ್ ಗ್ಲೈಡರ್ ಸಾಕುವವರ ಮನೆಯಲ್ಲಿ ಅತಿ ಹೆಚ್ಚು ಕಾಣುವ ಕಾಯಿಲೆಗಳಲ್ಲಿ ಇದೂ ಒಂದು. ಹೆಸರಿನಲ್ಲಿ ಶುಗರ್ ಇದೆ ಎಂದು ಸಿಹಿ ಹಣ್ಣನ್ನೇ ಕೊಡುತ್ತಾರೆ. ಕಾಡಿನಲ್ಲಿ ಅದು ತಿನ್ನುವುದು ನೀಲಗಿರಿ ಮರದ ಸಿಹಿ ರಸ, ಜಾಲಿ ಜಾತಿಯ ಮರಗಳ ಅಂಟು, ಮಕರಂದ, ಜೊತೆಗೆ ಸಾಕಷ್ಟು ಹುಳುಹುಪ್ಪಟೆ. ಬರೀ ಹಣ್ಣು ತಿಂದರೆ ಸುಣ್ಣದಂಶ ಸಾಲದೆ ರಂಜಕದ ಜೊತೆಗಿನ ಸಮತೋಲನ ತಪ್ಪುತ್ತದೆ. ರಕ್ತಕ್ಕೆ ಬೇಕಾದ ಸುಣ್ಣವನ್ನು ದೇಹ ಮೂಳೆಯಿಂದಲೇ ತೆಗೆದುಕೊಳ್ಳತೊಡಗುತ್ತದೆ. ಮೂಳೆ ಸವೆದು ಮೊದಲು ಸೋಲುವುದು ಹಿಂಗಾಲು. ಬಾಲದ ಕೂದಲು ಕಿತ್ತುಕೊಳ್ಳುವುದು ಇನ್ನೊಂದು ಸಂಕಟದ ಗುರುತು. ಜೊತೆಯಿಲ್ಲದ, ಇಕ್ಕಟ್ಟಿನ ಪಂಜರದ ಗ್ಲೈಡರ್ ತನ್ನ ಮೈಯನ್ನೇ ಕಚ್ಚಿಕೊಳ್ಳುವುದೂ ಉಂಟು.

ಅಂದಿನಿಂದ ನಮ್ಮ ಮನೆಯ ಲೆಕ್ಕ ಬದಲಾಯಿತು. ಮೊಟ್ಟೆಯನ್ನೂ ಒಳಗೆ ತರದ ಮನೆ ನಮ್ಮದು. ಬೇಯಿಸಿದ ಮೊಟ್ಟೆ ಬಂತು, ಅಳೆದು ಹಾಕುವ ಸುಣ್ಣದಂಶದ ಪುಡಿ ಬಂತು, ಬೆಂಗಳೂರಿನಿಂದ ಕೊರಿಯರ್‌ನಲ್ಲಿ ಒಂದು ಡಬ್ಬಿ ಜೀವಂತ ಹುಳು ಬಂತು. ಅವ್ವ ಡಬ್ಬಿಯನ್ನು ಮೂರು ದಿನ ಮುಟ್ಟಲಿಲ್ಲ. ನಾಲ್ಕನೆಯ ದಿನ ನಾನು ಪರೀಕ್ಷೆಗೆಂದು ಮೈಸೂರಿಗೆ ಹೋಗಿದ್ದಾಗ, ಪ್ಲಾಸ್ಟಿಕ್ ಚಮಚದಲ್ಲಿ ತಾವೇ ಹುಳು ಹಾಕಿದ್ದರು. “ಹಸ್ಕೊಂಡಿತ್ತು, ಏನ್ ಮಾಡ್ಲಿ?” ಎಂದಷ್ಟೇ ಹೇಳಿದರು.

ಖರ್ಚಿನ ವಿಷಯಕ್ಕೆ ಬರೋಣ. ತಮ್ಮ ಜೋಡಿಗೆ ಕೊಟ್ಟದ್ದು 18,000 ರೂಪಾಯಿ. ದೊಡ್ಡ ಖರ್ಚು ಮುಗಿಯಿತು ಎಂದುಕೊಂಡಿದ್ದ. ನಾನು ಸರಿಯಾದ ಆಹಾರ ಕೊಡಲು ಶುರುಮಾಡಿದ ಮೇಲೆ ಒಂದು ಪ್ರಾಣಿಗೇ ತಿಂಗಳಿಗೆ ಸುಮಾರು 1,500 ರೂಪಾಯಿ ಆಯಿತು. ಇದೇ ಲೆಕ್ಕದಲ್ಲಿ 10 ವರ್ಷಕ್ಕೆ 1.8 ಲಕ್ಷ ರೂಪಾಯಿ. ವೈದ್ಯರ ಶುಲ್ಕ, ಬೆಂಗಳೂರಿಗೆ ಹೋಗಿಬರುವ ಖರ್ಚು ಇದರಲ್ಲಿ ಸೇರಿಲ್ಲ. ಕೆಲಸ ಹುಡುಕುತ್ತಿರುವವರು ಈ ಸಂಖ್ಯೆಯನ್ನು ತಮ್ಮ ಅರ್ಜಿ ಶುಲ್ಕದ ಪಕ್ಕದಲ್ಲಿಟ್ಟು ನೋಡಬೇಕು.

ಬಿಲ್ಲಿಲ್ಲದ ಜೀವ

“ಬಿಲ್ ಇದ್ಯಾ?” ಎಂದು ತಮ್ಮನನ್ನು ಕೇಳಿದ್ದೆ. ನಕ್ಕ. ಇನ್‌ಸ್ಟಾಗ್ರಾಮ್‌ನಲ್ಲಿ ಪರಿಚಯವಾದ ಮಾರಾಟಗಾರ, ಮೈಸೂರಿನ ಬಸ್ ನಿಲ್ದಾಣದ ಹತ್ತಿರ ತೂತು ಕೊರೆದ ಸ್ವೀಟ್ ಬಾಕ್ಸಿನಲ್ಲಿ ಮರಿಗಳನ್ನು ಕೈಗಿಟ್ಟು, ಫೋನ್‌ಪೇ ಶಬ್ದ ಬಂದ ಕೂಡಲೇ ಹೊರಟುಹೋಗಿದ್ದ. ಈಗ ಆ ಖಾತೆಯೇ ಇಲ್ಲ. ಸಕ್ಕರೆ ಹುಟ್ಟಿದ್ದು ಎಲ್ಲಿ, ಅದರ ತಾಯಿ ಈ ದೇಶಕ್ಕೆ ಹೇಗೆ ಬಂತು, ಹೇಳುವವರಿಲ್ಲ.

ನಮ್ಮ ರಾಜ್ಯದ ಸುದ್ದಿಗಳನ್ನು ಗಮನಿಸಿದವರಿಗೆ ಇದು ಸಣ್ಣ ಪ್ರಶ್ನೆಯಲ್ಲ ಎಂದು ಗೊತ್ತು. 2023ರ ಜನವರಿಯಲ್ಲಿ ಕಂದಾಯ ಗುಪ್ತಚರ ನಿರ್ದೇಶನಾಲಯದ ಅಧಿಕಾರಿಗಳು ಬೆಂಗಳೂರಿನ ಫಾರ್ಮ್‌ಹೌಸ್ ಒಂದರಲ್ಲಿ 48 ಜಾತಿಯ 139 ಪ್ರಾಣಿಗಳನ್ನು ವಶಪಡಿಸಿಕೊಂಡರು. ಅನಕೊಂಡ, ಇಗ್ವಾನಾ, ಬಾಲ್ ಪೈಥಾನ್ ಎಲ್ಲ ಅಲ್ಲಿದ್ದವು. ಅದೇ ವರ್ಷದ ಆಗಸ್ಟ್‌ನಲ್ಲಿ ಬ್ಯಾಂಕಾಕ್‌ನಿಂದ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ಬಂದ ಪ್ರಯಾಣಿಕರೊಬ್ಬರ ಸಾಮಾನಿನಲ್ಲಿ 234 ಪ್ರಾಣಿಗಳು ಸಿಕ್ಕವು. ಕಾಂಗರೂ ಮರಿಯೊಂದು ಉಸಿರುಗಟ್ಟಿ ಸತ್ತಿತ್ತು. ಸೆಪ್ಟೆಂಬರ್‌ನಲ್ಲಿ ಮತ್ತೆ ಬ್ಯಾಂಕಾಕ್‌ನಿಂದಲೇ ಬಂದ, ವಾರಸುದಾರರಿಲ್ಲದ ಬ್ಯಾಗಿನಲ್ಲಿ 55 ಬಾಲ್ ಪೈಥಾನ್, 17 ಕಾಳಿಂಗ ಸರ್ಪ ಮತ್ತು ಆರು ಕಪುಚಿನ್ ಕೋತಿಗಳು. ಕೋತಿಗಳಾರೂ ಸತ್ತಿದ್ದವು. ಬೇಡಿಕೆ ಇಲ್ಲದೆ ಯಾರೂ ಇಷ್ಟು ಅಪಾಯಕ್ಕೆ ಕೈಹಾಕುವುದಿಲ್ಲ. ಬೇಡಿಕೆ ಹುಟ್ಟುವುದು ನಮ್ಮಂಥವರ ಮೊಬೈಲಿನಲ್ಲಿ.

ಕಾನೂನು ಏನು ಹೇಳುತ್ತದೆ? ಇದು ಪರೀಕ್ಷೆಗೆ ಓದುವವರಿಗೂ ಉಪಯೋಗವಾಗುವ ವಿಷಯ. ವನ್ಯಜೀವಿ (ಸಂರಕ್ಷಣೆ) ಕಾಯ್ದೆ 1972ರದು. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂತು. ವಿನಾಶದಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿರುವ ಪ್ರಾಣಿಗಳನ್ನು ಕಾಯ್ದೆಯ ನಾಲ್ಕನೇ ಅನುಸೂಚಿಗೆ ಸೇರಿಸಲಾಯಿತು. 2024ರ ಫೆಬ್ರುವರಿ 28ರಂದು ಇವುಗಳ ನೋಂದಣಿ ನಿಯಮಗಳು ಪ್ರಕಟವಾದವು. ಮಕಾವ್, ಆಫ್ರಿಕನ್ ಗ್ರೇ ಗಿಳಿ, ಇಗ್ವಾನಾ, ಬಾಲ್ ಪೈಥಾನ್‌ನಂಥವನ್ನು ಇಟ್ಟುಕೊಂಡವರು ಆರು ತಿಂಗಳೊಳಗೆ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಬೇಕಿತ್ತು.

ಶುಗರ್ ಗ್ಲೈಡರ್ ಸೈಟಿಸ್ ಪಟ್ಟಿಯಲ್ಲಿಲ್ಲ. ತವರಿನಲ್ಲಿ ಸಂಖ್ಯೆ ಸಾಕಷ್ಟಿದೆ ಎಂಬುದು ಕಾರಣ. ಹಾಗಾಗಿ ಈ ನೋಂದಣಿಯ ಕಟ್ಟುಪಾಡು ಅದಕ್ಕಿಲ್ಲ. ಮಾರುವವರು ಇದನ್ನೇ ದೊಡ್ಡದಾಗಿ ಹೇಳುತ್ತಾರೆ: “ನೂರಕ್ಕೆ ನೂರು ಲೀಗಲ್.” ಇಲ್ಲಿ ಎಚ್ಚರ ಬೇಕು. ಪಟ್ಟಿಯಲ್ಲಿಲ್ಲ ಎಂದರೆ ಹೇಗೆ ಬೇಕಾದರೂ ತರಬಹುದು ಎಂದಲ್ಲ. ವಿದೇಶದಿಂದ ಜೀವಂತ ಪ್ರಾಣಿ ತರಲು ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಪರವಾನಗಿ ಬೇಕು, ಪ್ರಾಣಿಗಳ ಆರೋಗ್ಯ ತಪಾಸಣೆ ಮತ್ತು ಕ್ವಾರಂಟೈನ್ ಆಗಬೇಕು. ದೇಶದೊಳಗೆ ಮಾರುವ ಅಂಗಡಿಗೂ 2018ರ ಪೆಟ್ ಶಾಪ್ ನಿಯಮಗಳ ಪ್ರಕಾರ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯ ನೋಂದಣಿ ಬೇಕು, ಎಲ್ಲಿಂದ ಬಂತು, ಯಾರಿಗೆ ಹೋಯಿತು ಎಂಬ ದಾಖಲೆ ಇರಬೇಕು. ಬಸ್ ನಿಲ್ದಾಣದ ಸ್ವೀಟ್ ಬಾಕ್ಸಿನಲ್ಲಿ ಇವು ಯಾವುವೂ ಇರುವುದಿಲ್ಲ.

“ಮನೆಯಲ್ಲೇ ಹುಟ್ಟಿದ ಮರಿ” ಎಂಬ ಮಾತೂ ಕೇಳಿಬರುತ್ತದೆ. ಅಮೆರಿಕದ ಮನೆಗಳಲ್ಲಿ ಸಾಕುವ ಶುಗರ್ ಗ್ಲೈಡರ್‌ಗಳ ಮೂಲ ಆಸ್ಟ್ರೇಲಿಯಾ ಅಲ್ಲ, ಇಂಡೊನೇಷ್ಯಾದ ಪಶ್ಚಿಮ ಪಪುವಾ ಎಂದು 2019ರ ವಂಶವಾಹಿ ಅಧ್ಯಯನವೊಂದು ತೋರಿಸಿತು. ಮನೆಯಲ್ಲಿ ಹುಟ್ಟಿದ ಮರಿಯ ವಂಶವೂ ಹಿಂದೆ ಹೋದರೆ ಯಾವುದೋ ಕಾಡಿಗೇ ಮುಟ್ಟುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾ, ಹವಾಯಿ ರಾಜ್ಯಗಳಲ್ಲಿ ಇದನ್ನು ಸಾಕುವಂತಿಲ್ಲ.

ವಿಚಿತ್ರ ನೋಡಿ. ಅಜ್ಜಿಯ ಮನೆಯ ಪಂಜರದಲ್ಲಿರುವ ನಮ್ಮೂರಿನ ಹಸಿರು ಗಿಳಿಗೆ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ. ಅದನ್ನು ಹಿಡಿದು ಸಾಕುವುದು ಅಪರಾಧ. ನಮ್ಮ ಕುರುಚಲು ಕಾಡಿನ ಕಾಡುಪಾಪಕ್ಕೂ ರಕ್ಷಣೆ ಇದೆ. ಸಾವಿರಾರು ಮೈಲಿ ದೂರದಿಂದ ಬಂದ ಸಕ್ಕರೆಗೆ ಉಳಿದಿರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಮಾತ್ರ. ಇಕ್ಕಟ್ಟಿನ ಪಂಜರದಲ್ಲಿ ಕೂಡಿಹಾಕುವುದು, ಸಾಕಷ್ಟು ಆಹಾರ ಕೊಡದಿರುವುದು, ತೊರೆದುಬಿಡುವುದು ಎಲ್ಲವೂ ಅದರಡಿ ತಪ್ಪು. ಮೊದಲ ಸಲದ ತಪ್ಪಿಗೆ ದಂಡ ಎಷ್ಟು ಗೊತ್ತೇ? 10ರಿಂದ 50 ರೂಪಾಯಿ. ಕಾನೂನು ಇಷ್ಟು ಸಡಿಲವಾಗಿರುವಾಗ, ಬೇಲಿ ಹಾಕಬೇಕಾದದ್ದು ಕೊಳ್ಳುವವರ ವಿವೇಕವೇ.

ಎಮು ಕಲಿಸಿದ ಪಾಠ

ಇನ್ನೊಂದು ಆಸೆ ಕೆಲಸ ಹುಡುಕುವವರನ್ನು ಸೆಳೆಯುತ್ತದೆ. “ಒಂದು ಜೋಡಿ ತಗೊಳ್ಳಿ, ಮರಿ ಮಾಡಿಸಿ ಮಾರಿ, ಮನೆಯಲ್ಲೇ ಕೂತು ದುಡೀರಿ.” ನನ್ನ ತಮ್ಮ ಜೋಡಿ ತಂದದ್ದರ ಹಿಂದೆ ಈ ಲೆಕ್ಕವೂ ಇತ್ತು ಎಂದು ಆಮೇಲೆ ಒಪ್ಪಿಕೊಂಡ. ಕಾಲೇಜು ಶುಲ್ಕಕ್ಕೆ ಸ್ವಲ್ಪ ಆಗುತ್ತದೆ ಎಂದುಕೊಂಡಿದ್ದನಂತೆ. ಅವನನ್ನು ಬೈಯುವ ಮನಸ್ಸಾಗಲಿಲ್ಲ. ಕೆಲಸವಿಲ್ಲದ ವಯಸ್ಸಿನಲ್ಲಿ ಇಂಥ ಲೆಕ್ಕ ಯಾರು ಹಾಕುವುದಿಲ್ಲ?

ಆದರೆ ಈ ಲೆಕ್ಕವನ್ನು ನಮ್ಮ ಪಕ್ಕದಲ್ಲೇ ಒಮ್ಮೆ ಹಾಕಿಯಾಗಿದೆ, ಅದೂ ಆಸ್ಟ್ರೇಲಿಯಾದ ಇನ್ನೊಂದು ಪ್ರಾಣಿಯನ್ನಿಟ್ಟುಕೊಂಡು. ಚಾಮರಾಜನಗರಕ್ಕೆ ಅಂಟಿಕೊಂಡಂತಿರುವ ಈರೋಡ್ ಜಿಲ್ಲೆಯ ಪೆರುಂದುರೈನಲ್ಲಿ ಎಮು ಸಾಕಣೆಯ ದೊಡ್ಡ ಅಬ್ಬರವೆದ್ದಿತ್ತು. ದುಡ್ಡು ಹಾಕಿ, ಮರಿ ಸಾಕಿ, ತಿಂಗಳು ತಿಂಗಳು ಹಣ ಪಡೆಯಿರಿ ಎಂಬ ಯೋಜನೆ. 2012ರಲ್ಲಿ ಎಲ್ಲ ಕುಸಿಯಿತು. ಹೂಡಿದವರು ಹಣ ಕಳೆದುಕೊಂಡರು. ಮೇವಿಲ್ಲದೆ ಎಮುಗಳು ಸತ್ತವು. ಎಡವಟ್ಟು ಇದ್ದದ್ದು ಒಂದೇ ಕಡೆ: ಎಮುವನ್ನು ಕೊಳ್ಳುತ್ತಿದ್ದವರು ಎಮು ಸಾಕಿ ಮಾರಬೇಕೆಂದಿದ್ದವರೇ. ತಿನ್ನುವವರು, ಬಳಸುವವರು ಬೇಕಾದಷ್ಟು ಇರಲಿಲ್ಲ.

ಶುಗರ್ ಗ್ಲೈಡರ್‌ನ ಸಂತೆಯೂ ಬಹುಮಟ್ಟಿಗೆ ಹೀಗೆಯೇ. ಫ್ಯಾಷನ್ ಇರುವವರೆಗೆ ಬೆಲೆ. ಫ್ಯಾಷನ್ ಹೋದ ದಿನ ಪಂಜರದಲ್ಲಿ ಉಳಿಯುವುದು ಹತ್ತು ವರ್ಷ ಬದುಕುವ ಜೀವ. ಅಣ್ಣ ತಂಗಿ ಮರಿಗಳನ್ನೇ ಜೋಡಿ ಎಂದು ಮಾರಿದರೆ ಹುಟ್ಟುವ ಮರಿಗಳ ಆರೋಗ್ಯ ಕೆಡುತ್ತದೆ. ಬೆಲ್ಲ, ಸಕ್ಕರೆ ಒಂದೇ ತಾಯಿಯ ಮರಿಗಳೋ ಅಲ್ಲವೋ ಇವತ್ತಿಗೂ ಗೊತ್ತಿಲ್ಲ.

“ತೋಟಕ್ಕೆ ಬಿಟ್ಬಿಡಕ್ಕ”

ಎರಡನೇ ತಿಂಗಳ ಕೊನೆಗೆ ನಾನು ಸೋತಿದ್ದೆ. ಪರೀಕ್ಷೆ ಹತ್ತಿರ ಬಂದಿತ್ತು. ರಾತ್ರಿ ಎರಡಕ್ಕೆ ಬೊಗಳುವುದು ನಿಂತಿರಲಿಲ್ಲ. ಫೋನಿನಲ್ಲಿ ತಮ್ಮ ಮೆಲ್ಲಗೆ ಅಂದ, “ಕಷ್ಟ ಆದ್ರೆ ಹೊಳೆ ಕಡೆ ಯಾವ್ದಾದ್ರೂ ತೋಟಕ್ಕೆ ಬಿಟ್ಬಿಡಕ್ಕ. ಮರ ಇದೆ, ಹುಳ ಇದೆ. ಬದುಕ್ಕೊಳುತ್ತೆ.”

ಕೇಳಲು ದಯೆಯ ಮಾತು. ಆದರೆ ಪಂಜರದಲ್ಲೇ ಬೆಳೆದ, ಕಾಲು ಸೋತ, ಒಂಟಿ ಪ್ರಾಣಿಯನ್ನು ಕಪಿಲೆಯ ದಡದ ತೋಟಕ್ಕೆ ಬಿಟ್ಟರೆ ಬೆಳಗಾಗುವುದರೊಳಗೆ ಬೆಕ್ಕೋ ಗೂಬೆಯೋ ಮುಗಿಸಿರುತ್ತದೆ. ಆರೋಗ್ಯವಾಗಿರುವ ಹತ್ತಾರನ್ನು ಬಿಟ್ಟರೆ ಅಪಾಯ ಇನ್ನೊಂದು ಬಗೆಯದು. ಆಸ್ಟ್ರೇಲಿಯಾದ್ದೇ ಆದ ಟಾಸ್ಮೇನಿಯಾ ದ್ವೀಪದಲ್ಲಿ ಶುಗರ್ ಗ್ಲೈಡರ್ ಮೂಲದಲ್ಲಿ ಇರಲಿಲ್ಲ. 19ನೇ ಶತಮಾನದಲ್ಲಿ ಜನ ಒಯ್ದು ಬಿಟ್ಟರು. ಇಂದು ಅದು ಪೊಟರೆಗೆ ನುಗ್ಗಿ ಸ್ವಿಫ್ಟ್ ಪ್ಯಾರಟ್ ಎಂಬ ಅಳಿವಿನಂಚಿನ ಗಿಳಿಯ ಮೊಟ್ಟೆ, ಮರಿ, ಕಾವು ಕೂತ ತಾಯಿಯನ್ನೂ ತಿನ್ನುತ್ತಿದೆ. ನಮ್ಮ ಕಾವೇರಿಯಲ್ಲೇ ನೋಡಿ. ಬೇರೆ ಕಡೆಯ ಮಹಶೀರ್ ಮೀನಿನ ಮರಿಗಳನ್ನು ಒಳ್ಳೆಯ ಉದ್ದೇಶದಿಂದಲೇ ತಂದು ಬಿಟ್ಟರು. ಕಾವೇರಿಯದೇ ಆದ, ಬೆನ್ನು ಉಬ್ಬಿದ ಮಹಶೀರ್ ಇಂದು ತೀವ್ರ ಅಳಿವಿನಂಚಿನಲ್ಲಿದೆ. ತಿರುಮಕೂಡಲಿನ ಸಂಗಮದಲ್ಲಿ ಎರಡು ಹೊಳೆ ಸೇರುತ್ತವೆ ಎಂದು ಎಲ್ಲ ಜೀವವೂ ಹಾಗೆ ಸೇರಿ ಬಾಳುವುದಿಲ್ಲ.

ಕಾಡುಪ್ರಾಣಿ ಎಂದರೇನು ಎಂಬುದನ್ನು ತಿ. ನರಸೀಪುರ ತಾಲ್ಲೂಕಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ. 2022ರ ಅಕ್ಟೋಬರ್ ಕೊನೆಯಿಂದ 2023ರ ಜನವರಿವರೆಗೆ ಚಿರತೆ ದಾಳಿಗೆ ನಾಲ್ವರು ಬಲಿಯಾದರು. ಅವರಲ್ಲಿ ಕಾಲೇಜು ವಿದ್ಯಾರ್ಥಿಗಳೂ ಇದ್ದರು. ಆ ಚಳಿಗಾಲ ಕತ್ತಲಾದ ಮೇಲೆ ಚಿಕ್ಕವ್ವ ಯಾರನ್ನೂ ಹಿತ್ತಲಿಗೆ ಬಿಡುತ್ತಿರಲಿಲ್ಲ. ದೊಡ್ಡ ಪ್ರಾಣಿಯ ಮುಂದೆ ನಾವು ಹೆದರುತ್ತೇವೆ. ಅಂಗೈಯಗಲದ್ದು ಮಾತ್ರ ಆಟದ ಸಾಮಾನು ಎನಿಸುತ್ತದೆ. ಅದಕ್ಕೂ ಅದರದೇ ಕಾಡು, ಅದರದೇ ಬಳಗ ಇತ್ತು ಎಂಬುದು ಹೊಳೆಯುವುದಿಲ್ಲ.

ತರುವ ಮುನ್ನ ಕೇಳಿಕೊಳ್ಳಿ

ಯಾರೂ ಸಾಕಲೇಬಾರದು ಎಂದು ನಾನು ಹೇಳುತ್ತಿಲ್ಲ. ಚೆನ್ನಾಗಿ ಸಾಕುವವರನ್ನೂ ನೋಡಿದ್ದೇನೆ. ಆದರೆ ಹಣ ಕಳಿಸುವ ಮೊದಲು ಈ ಪ್ರಶ್ನೆಗಳಿಗೆ ನಿಮ್ಮಲ್ಲಿ ಉತ್ತರವಿರಲಿ.

• ಮುಂದಿನ 10–12 ವರ್ಷ ನೀವು ಯಾವ ಊರಲ್ಲಿರುತ್ತೀರಿ? ಗೊತ್ತಿಲ್ಲವೆಂದರೆ, ನಿಮ್ಮ ಬದಲು ನೋಡಿಕೊಳ್ಳಲು ಒಪ್ಪಿದವರು ಯಾರು? ಅವರನ್ನು ಕೇಳಿದ್ದೀರಾ?

• ಒಂದಲ್ಲ, ಕನಿಷ್ಠ ಎರಡನ್ನು ಸಾಕುವ ಶಕ್ತಿ ಇದೆಯೇ? ಗಂಡು ಹೆಣ್ಣಾದರೆ ಗಂಡಿಗೆ ಸಂತಾನಹರಣ ಚಿಕಿತ್ಸೆ ಮಾಡುವ ವೈದ್ಯರು ಗೊತ್ತೇ?

• ಇಂಥ ಪ್ರಾಣಿಗಳಿಗೆ ಚಿಕಿತ್ಸೆ ಕೊಡುವ ವೈದ್ಯರು ನಿಮ್ಮೂರಿಂದ ಎಷ್ಟು ದೂರ? ಮೊದಲು ಅವರೊಂದಿಗೆ ಮಾತಾಡಿ, ಆಮೇಲೆ ಮಾರುವವರೊಂದಿಗೆ.

• ಅಗಲಕ್ಕಿಂತ ಎತ್ತರ ಹೆಚ್ಚಿರುವ, ಕನಿಷ್ಠ ಎರಡಡಿ ಅಗಲ, ಎರಡಡಿ ಉದ್ದ, ಮೂರಡಿ ಎತ್ತರದ ಪಂಜರಕ್ಕೆ ಜಾಗವಿದೆಯೇ? ಸರಳುಗಳ ನಡುವೆ ಅರ್ಧ ಇಂಚಿಗಿಂತ ಹೆಚ್ಚು ಸಂದು ಇರಬಾರದು. ನಮ್ಮ ಏಪ್ರಿಲ್ ಬಿಸಿಲಿನಲ್ಲಿ ತಗಡಿನ ಸೂರಿನ ಕೆಳಗೆ ಅದು ತಾಳುವುದಿಲ್ಲ.

• ಹುಳು, ಮೊಟ್ಟೆ, ಸುಣ್ಣದಂಶದ ಪುಡಿ ಮನೆಯೊಳಗೆ ಬರಲು ಮನೆಯವರು ಒಪ್ಪುತ್ತಾರೆಯೇ?

• ಮಾರುವವರ ಬಳಿ ನೋಂದಣಿ ಪತ್ರ, ಬಿಲ್, ಮೂಲದ ದಾಖಲೆ ಇದೆಯೇ? “ಬೇಗ ಹೊಂದಿಕೊಳ್ಳುತ್ತೆ” ಎಂದು ಹಾಲು ಬಿಡದ ಮರಿ ಕೊಡುತ್ತಿದ್ದರೆ ಕೊಳ್ಳಬೇಡಿ.

ಇಷ್ಟಕ್ಕೂ ಉತ್ತರವಿರುವವರು ಸಾಕಲಿ. ನನ್ನ ಅನುಭವದಲ್ಲಿ ಮೊದಲ ಪ್ರಶ್ನೆಗೇ ನಮ್ಮ ವಯಸ್ಸಿನವರು ಸೋಲುತ್ತೇವೆ. ಡಿಗ್ರಿಗೂ ಕೆಲಸಕ್ಕೂ ನಡುವೆ ನಿಂತಿರುವ ನಮಗೆ ನಾಳೆ ಕಲಬುರಗಿಯೋ ಪುಣೆಯೋ ಗೊತ್ತಿಲ್ಲ. ನಾವು ಹೊರಡುತ್ತೇವೆ, ಪಂಜರ ಉಳಿಯುತ್ತದೆ, ಅದನ್ನು ನೋಡಿಕೊಳ್ಳುವುದು ಯಾವಾಗಲೂ ಮನೆಯ ಹೆಂಗಸರು. ಪ್ರಾಣಿಪ್ರೀತಿ ಇರುವವರಿಗೆ ಬೇರೆ ದಾರಿಗಳಿವೆ. 1892ರಲ್ಲಿ ಶುರುವಾದ ನಮ್ಮ ಮೈಸೂರು ಮೃಗಾಲಯದಲ್ಲಿ ಪ್ರಾಣಿ ದತ್ತು ಯೋಜನೆ ಇದೆ. ಗೆಳೆಯರು ನಾಲ್ಕು ಜನ ಸೇರಿ ಒಂದು ಸಣ್ಣ ಪ್ರಾಣಿಯ ಆಹಾರದ ವೆಚ್ಚ ಹೊರಬಹುದು. ಬೀದಿಯ ಒಂದು ನಾಟಿ ನಾಯಿಗೆ ರೇಬಿಸ್ ಲಸಿಕೆ ಹಾಕಿಸಿದರೂ ಸಾಕು. ನಮ್ಮ ಪಶು ಆಸ್ಪತ್ರೆಯ ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ಕೆಲಸವದು.

ಸಕ್ಕರೆಯ ಕಥೆ ಮುಗಿಸುತ್ತೇನೆ. ಬೆಂಗಳೂರಿನ ಆ ವೈದ್ಯರ ಮೂಲಕ ಮೈಸೂರಿನ ಒಂದು ಕುಟುಂಬ ಸಿಕ್ಕಿತು. ಅವರ ಮನೆಯಲ್ಲಿ ಇಡೀ ಒಂದು ಕೋಣೆ ಆರು ಗ್ಲೈಡರ್‌ಗಳಿಗೆ ಮೀಸಲು. ಕೂಡಲೇ ಗುಂಪಿಗೆ ಬಿಡಲಿಲ್ಲ. ಮೂರು ವಾರ ಪಕ್ಕದ ಪಂಜರದಲ್ಲಿಟ್ಟು, ಮಲಗುವ ಬಟ್ಟೆ ಅದಲುಬದಲು ಮಾಡಿ, ವಾಸನೆಯ ಪರಿಚಯ ಮಾಡಿಸಿ ಆಮೇಲೆ ಸೇರಿಸಿದರು. ಎಡಗಾಲು ಈಗಲೂ ಎಳೆಯುತ್ತದೆ, ಅದು ಸರಿಹೋಗುವುದಿಲ್ಲವಂತೆ. ಬಾಲದಲ್ಲಿ ಕೂದಲು ಬರುತ್ತಿದೆ. ರಾತ್ರಿ ಬೊಗಳುವುದು ನಿಂತಿದೆ ಎಂದು ಅವರು ಹೇಳಿದರು. ತಮ್ಮ ತನ್ನ ಸಂಬಳದಲ್ಲಿ ಪ್ರತಿ ತಿಂಗಳು ಅದರ ಆಹಾರದ ಹಣ ಕಳಿಸುತ್ತಿದ್ದಾನೆ. ನಾನು ಕೇಳಿರಲಿಲ್ಲ, ಅವನೇ ಶುರುಮಾಡಿದ್ದು.

ಮೊನ್ನೆ ಫೋನ್ ಮಾಡಿದ್ದ. ಆಫೀಸಿನಲ್ಲಿ ಜೊತೆಗೆ ಕೆಲಸ ಮಾಡುವ ಹುಡುಗ ಸಕ್ಕರೆಯ ಹಳೆಯ ಫೋಟೊ ನೋಡಿ, “ಎಲ್ಲಿ ಸಿಗುತ್ತೆ, ಎಷ್ಟು?” ಎಂದು ಕೇಳಿದನಂತೆ. “ಏನು ಹೇಳಿದೆ?” ಅಂದೆ. “ಮೊದ್ಲು ನಿಮ್ಮಮ್ಮನ್ನ ಕೇಳು ಅಂದೆ ಕಣಕ್ಕ” ಅಂದ.